ತಂತ್ರಾಂಶವನ್ನೂ ತಕ್ಕಡಿಗೆ ಹಾಕಿ

ಇವರಿಗೆ,
ಸಾರ್ವಜನಿಕ ಸೇವೆಗಳ ತಂತ್ರಾಂಶಕ್ಕೆ ಟೆಂಡರ್ ಕರೆಯುವ, ಪರಿಶೀಲಿಸಿ ಹಣ ಬಿಡುಗಡೆ ಮಾಡುವ ಮಾನ್ಯ ಅಧಿಕಾರಿಗಳು ಹಾಗೂ ಅದನ್ನು ಬರೆದುಕೊಡುವ ಕಂಪನಿಗಳ ಮುಖ್ಯಸ್ಥರು,
ಬೆಂಗಳೂರು.

ವಿಷಯ: ಸೇವೆಗಳ ಜಾಲತಾಣ ಮತ್ತು ಆ್ಯಪ್‌ಗಳ ಭಾರ ಇಳಿಸುವುದು, ಟೆಂಡರಿನಲ್ಲೇ ತೂಕ ಮತ್ತು ವೇಗದ ಷರತ್ತು ಸೇರಿಸುವುದು.

ಮಾನ್ಯರೇ,

ಉತ್ತರ ಕನ್ನಡದ ಕರಾವಳಿಯಲ್ಲೂ ಘಟ್ಟದ ಮೇಲೂ ಸೇವಾ ಕೇಂದ್ರ ನಡೆಸುವವರು ಮತ್ತು ಇಲ್ಲೇ ಕೂತು ಸಾಫ್ಟ್‌ವೇರ್ ಬರೆಯುವವರು ಕೂಡಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮಲ್ಲಿ ಕೆಲವರು ಕೌಂಟರಿನಲ್ಲಿ ಅರ್ಜಿ ತುಂಬುತ್ತಾರೆ, ಕೆಲವರು ಅಂಥದೇ ಅರ್ಜಿಯ ಹಿಂದಿನ ಕೋಡ್ ಬರೆಯುತ್ತಾರೆ. ಹಾಗಾಗಿ ಎರಡೂ ಬದಿಯ ತಪ್ಪು ಗೊತ್ತು. ಯಾವ ಇಲಾಖೆಯ, ಯಾವ ಕಂಪನಿಯ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ. ರೋಗ ಒಂದೇ ಮನೆಯದಲ್ಲ.

‘ಸರ್ವರ್ ಡೌನ್’ ಎಂಬುದು ಈಗ ನಮ್ಮ ಕಡೆ ಕನ್ನಡವೇ ಆಗಿಹೋಗಿದೆ, ಕೊಂಕಣಿಯೂ ಆಗಿದೆ. ಪಡಿತರಕ್ಕೆ ಹೆಬ್ಬೆಟ್ಟು ಒತ್ತಲು ನಿಂತವರು, ಪಹಣಿಗೆ ಬಂದವರು, ದೋಣಿಯ ಕಾಗದಪತ್ರ ಹಿಡಿದು ಬಂದ ಮೀನುಗಾರರು, ಮಗಳ ಜಾತಿ ಪ್ರಮಾಣಪತ್ರಕ್ಕೆ ಬಂದ ತಾಯಿ ಎಲ್ಲರೂ ಈ ಮಾತು ಕೇಳಿ ವಾಪಸು ಹೋಗುತ್ತಾರೆ. ನಿಜ ಹೇಳಬೇಕೆಂದರೆ, ನಾವು ಕಂಡ ಹೆಚ್ಚಿನ ಸಲ ಸರ್ವರ್ ಸತ್ತಿರುವುದಿಲ್ಲ, ನೆಟ್‌ವರ್ಕ್ ಪೂರ್ತಿ ಹೋಗಿರುವುದೂ ಇಲ್ಲ. ಹೊರಲಾರದ ಹೊರೆ ಹೊತ್ತು ಎರಡೂ ತೆವಳುತ್ತಿರುತ್ತವೆ. ಹೊರೆ ಹೊರಿಸಿದ್ದು ಮನುಷ್ಯರೇ. ಇಳಿಸಲೂ ಬರುತ್ತದೆ.

ಮೊದಲು ತಂತಿಯ ಈ ತುದಿಯ ಲೆಕ್ಕ. ಜೋಯಿಡಾ, ಯಲ್ಲಾಪುರ, ಸಿದ್ದಾಪುರದ ಕಾಡಂಚಿನ ಊರುಗಳಲ್ಲಿ ಫೋನಿನ ಮೇಲೆ 4ಜಿ ಎಂದು ಬರೆದಿದ್ದರೂ ಮಳೆಗಾಲದಲ್ಲಿ ಕೈಗೆ ಸಿಗುವುದು ಎಷ್ಟೋ ಸಲ ಸೆಕೆಂಡಿಗೆ 200 ಕಿಲೋಬಿಟ್ ಮಾತ್ರ. ನಿಮ್ಮ ಮುಖಪುಟದ ತೂಕ 4 ಮೆಗಾಬೈಟ್ ಎಂದಿಟ್ಟುಕೊಳ್ಳಿ. ಒಂದು ಬೈಟ್‌ಗೆ 8 ಬಿಟ್. 32,000 ಕಿಲೋಬಿಟ್ಟನ್ನು 200ರಿಂದ ಭಾಗಿಸಿದರೆ 160 ಸೆಕೆಂಡ್. ಅಂದರೆ ಬ್ಯಾನರಿನ ಚಿತ್ರ, ಓಡುವ ಸುದ್ದಿಪಟ್ಟಿ, ಯಾರೂ ಒತ್ತದ ಗುಂಡಿಗಳೆಲ್ಲ ಬಂದು ‘ಲಾಗಿನ್’ ಎಂಬ ಪದ ಕಾಣುವ ಹೊತ್ತಿಗೆ ಎರಡೂಮುಕ್ಕಾಲು ನಿಮಿಷ ಹತ್ತಿರವಾಗಿರುತ್ತದೆ. ಅದೇ ಪುಟ 100 ಕಿಲೋಬೈಟ್ ಇದ್ದರೆ ಅದೇ ಗುಡ್ಡದ ಮೇಲೆ, ಅದೇ ಫೋನಿನಲ್ಲಿ 4 ಸೆಕೆಂಡ್.

ವೇಗವೊಂದೇ ಅಲ್ಲ, ಹೋಗಿಬರುವ ಸಮಯವೂ ಇದೆ. ಫೋನು ಒಂದು ಜಾಲತಾಣವನ್ನು ಮೊದಲ ಸಲ ಮುಟ್ಟುವಾಗ ವಿಳಾಸ ಕೇಳಲು ಒಂದು ಸುತ್ತು, ಸಂಪರ್ಕ ಹೂಡಲು ಒಂದು, ಗುಪ್ತಲಿಪಿಯ ಒಪ್ಪಂದಕ್ಕೆ ಕನಿಷ್ಠ ಒಂದು, ಕಡೆಗೆ ಪುಟ ಕೇಳಲು ಒಂದು. ಒಟ್ಟು ನಾಲ್ಕು ಸುತ್ತು. ಸಿಗ್ನಲ್ ಕ್ಷೀಣವಾಗಿದ್ದಾಗ ಒಂದು ಸುತ್ತಿಗೆ 600 ಮಿಲಿಸೆಕೆಂಡ್ ಹಿಡಿದರೆ ಒಂದಕ್ಷರ ಬರುವ ಮೊದಲೇ 2.4 ಸೆಕೆಂಡ್ ಹೋಯಿತು. ಇದನ್ನು ಪೂರ್ತಿ ತಪ್ಪಿಸಲು ಬರುವುದಿಲ್ಲ. ಆದರೆ ಫಾಂಟು ಒಂದು ಕಡೆಯಿಂದ, ನಕ್ಷೆ ಇನ್ನೊಂದು ಕಡೆಯಿಂದ, ಬಂದವರನ್ನು ಎಣಿಸುವ ಸ್ಕ್ರಿಪ್ಟು (ಪುಟದೊಳಗೆ ಓಡುವ ಕೋಡ್) ಮೂರನೆಯ ಕಡೆಯಿಂದ ತರಿಸಿದರೆ ಪ್ರತಿ ಹೊಸ ವಿಳಾಸಕ್ಕೂ ಈ ಸುಂಕ ಮತ್ತೆ ತೆರಬೇಕು. ಮೇಲಾಗಿ ಈಚಿನ ಪುಟಗಳು ಸರಪಳಿಯ ಹಾಗೆ ತೆರೆಯುತ್ತವೆ: ಮೊದಲು ಖಾಲಿ ಪುಟ, ಅದು ಸ್ಕ್ರಿಪ್ಟನ್ನು ಕರೆಯುತ್ತದೆ, ಸ್ಕ್ರಿಪ್ಟು ಇನ್ನೊಂದು ಸ್ಕ್ರಿಪ್ಟನ್ನು, ಅದು ಜಿಲ್ಲೆಗಳ ಪಟ್ಟಿಯನ್ನು, ಪಟ್ಟಿ ಬಂದ ಮೇಲೆ ತಾಲ್ಲೂಕನ್ನು. ಒಂದು ಕೊಂಡಿ ತಪ್ಪಿದರೆ ಚಕ್ರ ಸುತ್ತುತ್ತಲೇ ಇರುತ್ತದೆ. ನಮ್ಮ ಜಿಲ್ಲೆಯ 12 ತಾಲ್ಲೂಕುಗಳ ಹೆಸರು ದಿನಕ್ಕೊಮ್ಮೆ ಬದಲಾಗುವ ಮಾಹಿತಿಯಲ್ಲ. ಪುಟದಲ್ಲೇ ಬರೆದುಬಿಟ್ಟರೆ ಒಂದು ಕಿಲೋಬೈಟೂ ಆಗದು.

ಬಂದು ಇಳಿದ ಸ್ಕ್ರಿಪ್ಟಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದಾರಿಯಲ್ಲಿ 1 ಮೆಗಾಬೈಟ್ ಆಗಿ ಮಡಚಿ (ಸಂಕೋಚಿಸಿ) ಬಂದದ್ದು ಫೋನಿನಲ್ಲಿ ಬಿಚ್ಚಿಕೊಂಡು ಮೂರು ನಾಲ್ಕು ಮೆಗಾಬೈಟ್ ಆಗುತ್ತದೆ. ಫೋನು ಅದನ್ನು ಓದಬೇಕು, ಯಂತ್ರಕ್ಕೆ ತಿಳಿಯುವಂತೆ ಮಾಡಬೇಕು, ಆಮೇಲೆ ಓಡಿಸಬೇಕು. ಡಬ್ಬಿಯ ಮೇಲೆ ‘ಎಂಟು ಕೋರ್’ ಎಂದು ಅಚ್ಚಾಗಿದ್ದರೂ ಪುಟದ ಮುಖ್ಯ ಕೆಲಸ ನಡೆಯುವುದು ಪ್ರೊಸೆಸರಿನ ಒಂದೇ ಕೋರಿನಲ್ಲಿ, ಉಳಿದ ಏಳು ನೋಡುತ್ತ ಕೂತಿರುತ್ತವೆ. ಅಗ್ಗದ ಫೋನುಗಳಲ್ಲಿ ಬಹುಕಾಲ ಓಡಿದ, ಇನ್ನೂ ಓಡುತ್ತಿರುವ ಕಾರ್ಟೆಕ್ಸ್-ಎ53 ಎಂಬ ಕೋರಿನ ವಿನ್ಯಾಸ 2012ರಷ್ಟು ಹಳೆಯದು. ಬೆಂಗಳೂರಿನ ಮೇಜಿನ ಮೇಲಿರುವ ದುಬಾರಿ ಲ್ಯಾಪ್‌ಟಾಪಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ ಇಲ್ಲಿ ಫೋನನ್ನು ಬಿಸಿ ಮಾಡುತ್ತದೆ.

ನಮ್ಮ ಕೌಂಟರಿನಲ್ಲಿ ಅತಿ ಹೆಚ್ಚು ಸಲ ಕಂಡ ಅವಘಡವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಇದನ್ನು ಬರೆದವರಿಗೇ ಇದು ಗೊತ್ತಿದ್ದಂತಿಲ್ಲ. ಅರ್ಜಿದಾರರು ತಮ್ಮ ಫೋನಿನಲ್ಲಿ ಮೂರು ಪುಟ ತುಂಬಿ, ಫೋಟೋ ಹಾಕುವ ಜಾಗಕ್ಕೆ ಬಂದು ಕ್ಯಾಮೆರಾ ತೆರೆಯುತ್ತಾರೆ. 12 ಮೆಗಾಪಿಕ್ಸೆಲ್ ಚಿತ್ರ ಮಡಚಿದಾಗ 3–4 ಮೆಗಾಬೈಟ್ ಇರಬಹುದು, ಆದರೆ ತೆರೆದಾಗ 4000 ಗುಣಿಸು 3000 ಚುಕ್ಕಿ, ಚುಕ್ಕಿಗೆ 4 ಬೈಟ್, ಅಂದರೆ 48 ಮೆಗಾಬೈಟ್ ಮೆಮೊರಿ. 2 ಜಿಬಿ ರ‍್ಯಾಮಿನ ಫೋನು ಕ್ಯಾಮೆರಾಕ್ಕೆ ಜಾಗ ಮಾಡಲು ಹಿಂದೆ ತೆರೆದಿದ್ದ ಬ್ರೌಸರನ್ನು ಎತ್ತಿ ಹೊರಗೆಸೆಯುತ್ತದೆ. ಫೋಟೋ ತೆಗೆದು ವಾಪಸು ಬಂದರೆ ಅರ್ಜಿ ಮೊದಲ ಪುಟದಲ್ಲಿ ಖಾಲಿಯಾಗಿ ನಿಂತಿರುತ್ತದೆ. ಓಟಿಪಿಯದೂ ಇದೇ ಪಾಡು: ಮೆಸೇಜು ನೋಡಲು ಆಚೆ ಹೋದರೆ ಪುಟ ಹೋಯಿತು. ಮೆಸೇಜು ತಡವಾಗಿ ಬಂತೆಂದು ಇನ್ನೊಂದು ಕೇಳಿದರೆ ಹಳೆಯದು ರದ್ದು. ಆಗ ಹಳೆಯದು ಬಂದು ಮುಟ್ಟುತ್ತದೆ, ಜನ ಅದನ್ನೇ ಒತ್ತುತ್ತಾರೆ, ಮೂರು ಸಲ ತಪ್ಪಾದರೆ ಖಾತೆ ಬಂದ್.

ಇಷ್ಟಾದ ಮೇಲೆ ಪುಟ ಕೇಳುತ್ತದೆ: ‘ಫೋಟೋ 200 ಕೆಬಿಗಿಂತ ಕಡಿಮೆ ಇರಲಿ’. ಕೆಬಿ ಎಂದರೇನು ಎಂದು ಅಜ್ಜಿಯನ್ನು ಕೇಳುವ ಬದಲು ಬ್ರೌಸರಿನಲ್ಲೇ ಚಿತ್ರದ ಉದ್ದಬದಿಯನ್ನು 1200 ಚುಕ್ಕಿಗೆ ಇಳಿಸಿ, ಜೆಪೆಗ್ ಗುಣಮಟ್ಟ 70ಕ್ಕೆ ಇಟ್ಟು ಕಳಿಸುವುದಕ್ಕೆ ಇಪ್ಪತ್ತು ಮೂವತ್ತು ಸಾಲಿನ ಕೋಡ್ ಸಾಕು. ಹೊರಗಿನವರ ಸಿದ್ಧ ಕೋಡಿನ ಸಂಗ್ರಹ (ಲೈಬ್ರರಿ) ಬೇಕಿಲ್ಲ. ತುಂಬಿದ ಪ್ರತಿ ಅಂಕಣವನ್ನು ಫೋನಿನಲ್ಲೇ ಕರಡಾಗಿ ಉಳಿಸಿಡಲು ಅದಕ್ಕಿಂತ ಕಡಿಮೆ ಸಾಲು ಸಾಕು. ಈ ಎರಡನ್ನು ಮಾಡಿದರೆ ಸೇವಾ ಕೇಂದ್ರಗಳ ಮುಂದಿನ ಸಾಲು ಎಷ್ಟು ಕರಗುತ್ತದೆ ಎಂಬುದನ್ನು ನೀವೇ ಬಂದು ನೋಡಬಹುದು.

ಕನ್ನಡದ ವಿಷಯದಲ್ಲಿ ಆಗುವ ನಷ್ಟ ಬೇರೆಯೇ. ‘ಕೃಷ್ಣಮೂರ್ತಿ’ ಎಂಬ ಹೆಸರು ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಅದು 11 ಸಂಕೇತ, ಒಂದೊಂದಕ್ಕೆ 3 ಬೈಟ್, ಒಟ್ಟು 33. ಇಂಗ್ಲಿಷ್ ಹೆಸರನ್ನು ಮನಸ್ಸಿನಲ್ಲಿಟ್ಟು 30 ಬೈಟ್ ಜಾಗ ಕೊಟ್ಟ ಅಂಕಣದಲ್ಲಿ ಅದು ಹಿಡಿಸುವುದಿಲ್ಲ. ಕೆಲವು ಕಡೆ ‘ಅಮಾನ್ಯ ಹೆಸರು’ ಎಂದು ತಿರಸ್ಕಾರ, ಇನ್ನು ಕೆಲವು ಕಡೆ ಕೊನೆಯ ಗುಣಿತ ಕತ್ತರಿಸಿಕೊಂಡು ಹೋಗಿ ಪ್ರಮಾಣಪತ್ರದಲ್ಲಿ ಬೇರೆಯೇ ಹೆಸರು. ಹುಡುಕಾಟದ ತೊಂದರೆ ಇದಕ್ಕಿಂತ ಸೂಕ್ಷ್ಮ. ‘ಗೋಕರ್ಣ’ದ ‘ಗೋ’ದಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ–ಊತ್ವ–ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ಪರದೆಯಲ್ಲಿ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಉಳಿಸುವ ಮೊದಲು ಎಲ್ಲವನ್ನೂ ಎನ್ಎಫ್‌ಸಿ ಎಂಬ ಒಂದೇ ರೂಪಕ್ಕೆ ತರಬೇಕೆಂಬ ಸಾಲು ಬರೆಯದ ಕಡೆ ಊರು ಇದ್ದೂ ‘ದಾಖಲೆ ಲಭ್ಯವಿಲ್ಲ’. ರ‍್ಯಾಮ್‌ ಎಂಬಲ್ಲಿರುವಂತೆ ಕಣ್ಣಿಗೆ ಕಾಣದ ಜೋಡಕ ಸಂಕೇತ ಹೆಸರಿನೊಳಗೆ ಸೇರಿಕೊಂಡರೂ ಅಷ್ಟೇ, ಅದನ್ನು ಎನ್ಎಫ್‌ಸಿಯೂ ತೆಗೆಯುವುದಿಲ್ಲ, ಹುಡುಕುವಾಗ ಬೇರೆಯಾಗಿ ಸೋಸಬೇಕು. ನುಡಿ, ಬರಹದ ಹಳೆಯ ಫಾಂಟುಗಳಿಂದ ಯೂನಿಕೋಡಿಗೆ ತಿರುಗಿಸಿದ ದಾಖಲೆಗಳಲ್ಲಿ ಇಂಥವು ಬಹಳ. ಜನ ಮಾತ್ರ ಕಾಗುಣಿತ ತಮ್ಮದೇ ತಪ್ಪಿರಬೇಕು ಅಂದುಕೊಂಡು ಮತ್ತೆ ಮತ್ತೆ ಟೈಪು ಮಾಡುತ್ತಾರೆ.

ಇನ್ನು ತಂತಿಯ ಆ ತುದಿ. ಒಂದು ಸರ್ವರ್ ಒಂದೇ ಹೊತ್ತಿಗೆ 100 ಕೋರಿಕೆಗಳನ್ನು ಕೈಗೆತ್ತಿಕೊಳ್ಳಬಲ್ಲದು ಎನ್ನಿ. ಒಂದಕ್ಕೆ 0.2 ಸೆಕೆಂಡ್ ಹಿಡಿದರೆ ಸೆಕೆಂಡಿಗೆ 500 ಜನರ ಕೆಲಸ ಆಗುತ್ತದೆ. ಒಂದಕ್ಕೆ 2 ಸೆಕೆಂಡ್ ಹಿಡಿದರೆ ಬರೀ 50. ಯಂತ್ರ ಅದೇ, ಜನ ಅಷ್ಟೇ, ಆದರೆ ಸಾಮರ್ಥ್ಯ ಹತ್ತನೇ ಒಂದು ಪಾಲು. ಆ 2 ಸೆಕೆಂಡ್ ಎಲ್ಲಿಂದ ಬಂತು ಎಂದು ಬಗೆದು ನೋಡಿದರೆ ಹೆಚ್ಚಾಗಿ ಸಿಗುವುದು ಎರಡೇ ಕಾರಣ. ಒಂದು, ಹತ್ತು ಲಕ್ಷ ಸಾಲಿನ ಕೋಷ್ಟಕಕ್ಕೆ ಸೂಚಿ (ಇಂಡೆಕ್ಸ್) ಇರುವುದಿಲ್ಲ. ಸೂಚಿ ಇದ್ದರೆ ಮೂರು ನಾಲ್ಕು ಹೆಜ್ಜೆಯಲ್ಲಿ ಸಿಗುವ ಸರ್ವೆ ನಂಬರಿಗಾಗಿ ಹತ್ತು ಲಕ್ಷವನ್ನೂ ತಿರುವಿ ಹಾಕುತ್ತದೆ. ಇನ್ನೊಂದು, 50 ಅರ್ಜಿಗಳ ಪಟ್ಟಿ ತೋರಿಸಲು ಡೇಟಾಬೇಸಿಗೆ ಒಂದು ಪ್ರಶ್ನೆ ಕೇಳಿ, ಆಮೇಲೆ ಪ್ರತಿ ಅರ್ಜಿದಾರನ ಹೆಸರಿಗೆ ಒಂದೊಂದರಂತೆ ಇನ್ನೂ 50 ಪ್ರಶ್ನೆ ಕೇಳುವುದು. ಸಂತೆಗೆ ಹೋಗಿ ಉಪ್ಪು ತಂದು, ಮತ್ತೆ ಹೋಗಿ ಮೆಣಸು ತಂದು, ಮತ್ತೆ ಹೋಗಿ ಹುಣಸೆ ತಂದ ಹಾಗೆ. ಪರೀಕ್ಷೆಯ ಹೊತ್ತಿನಲ್ಲಿ ಕೋಷ್ಟಕದಲ್ಲಿ ಇನ್ನೂರೇ ಸಾಲು ಇದ್ದುದರಿಂದ ಇದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಕೊನೆಯ ದಿನಾಂಕ ಹತ್ತಿರವಾದಾಗ ಇದು ಸ್ಫೋಟವಾಗುತ್ತದೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆವಿಮೆಯ ನೋಂದಣಿ ಬರುವುದು ಮಳೆಗಾಲದಲ್ಲೇ, ಕೊಳೆರೋಗಕ್ಕೆ ಮದ್ದು ಹೊಡೆಯಲು ಮಳೆ ಬಿಡುವುದನ್ನು ಕಾಯುವ ದಿನಗಳಲ್ಲಿ. ಸಾಲಿನ ಗಣಿತ ನೇರ ಏರುವುದಿಲ್ಲ. ಒಂದೇ ಕೌಂಟರಿನ ಸಾಲು ಎಂದು ಸರಳವಾಗಿ ಲೆಕ್ಕ ಹಾಕಿದರೆ, ಅರ್ಧ ತುಂಬಿದ್ದಾಗ ಸರಾಸರಿ ಸಮಯ ಕೆಲಸದ ಸಮಯದ ಎರಡರಷ್ಟು; ನೂರಕ್ಕೆ 90 ತುಂಬಿದಾಗ ಹತ್ತರಷ್ಟು; 95ಕ್ಕೆ ಇಪ್ಪತ್ತರಷ್ಟು. ಆಗ ಜನ ಸುಮ್ಮನೆ ಕೂರುವುದಿಲ್ಲ, ಗುಂಡಿಯನ್ನು ಮತ್ತೆ ಒತ್ತುತ್ತಾರೆ. ಮೊದಲ ಕೋರಿಕೆ ಒಳಗೆ ಇನ್ನೂ ಓಡುತ್ತಿರುತ್ತದೆ, ಎರಡನೆಯದೂ ಸೇರುತ್ತದೆ. 60 ಸೆಕೆಂಡಿಗೆ ಮುಂಬಾಗಿಲಿನ ಸರ್ವರ್ ಸಂಪರ್ಕ ಕಡಿದು ‘ದೋಷ’ ಎನ್ನುತ್ತದೆ, ಹಿಂಬಾಗಿಲಿನಲ್ಲಿ ಕೆಲಸ ಮಾತ್ರ ನಿಂತಿರುವುದಿಲ್ಲ. ಕೆಲವೊಮ್ಮೆ ಹಣವೂ ಎರಡು ಸಲ ಕಡಿತವಾಗುತ್ತದೆ. ಅರ್ಜಿ ತೆರೆದಾಗಲೇ ಅದಕ್ಕೊಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಹಳೆಯ ಉತ್ತರವನ್ನೇ ಕೊಡುವುದು ಬಹಳ ಹಳೆಯ ಉಪಾಯ. ಇನ್ನೂ ನಾಲ್ಕು ಸರ್ವರ್ ಕೊಳ್ಳುವುದಕ್ಕಿಂತ ಅಗ್ಗ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಇಷ್ಟು ಜನ ಬುದ್ಧಿವಂತ ಎಂಜಿನಿಯರುಗಳಿದ್ದೂ, ಅವರಲ್ಲಿ ನಮ್ಮ ಜಿಲ್ಲೆಯ ಮಕ್ಕಳೇ ಮನೆಗೊಬ್ಬರಂತೆ ಇದ್ದೂ, ಹೀಗೇಕೆ? ಅವರು ಸೋಮಾರಿಗಳೆಂದು ನಾವು ಹೇಳುವುದಿಲ್ಲ. ರಾತ್ರಿ ಹತ್ತರವರೆಗೆ ದುಡಿಯುತ್ತಾರೆ. ಆದರೆ ಫೋನನ್ನು ತೆವಳಿಸುವ ಭಾರವೇ ಅವರ ಕೈಯನ್ನೂ ಕಟ್ಟಿಹಾಕಿದೆ.

ಪ್ಯಾಸ್ಕಲ್ ಭಾಷೆ ರೂಪಿಸಿದ ನಿಕ್ಲೌಸ್ ವಿರ್ತ್ 1995ರಲ್ಲೇ ಎಚ್ಚರಿಸಿದ್ದರು: ಯಂತ್ರ ವೇಗವಾಗುವುದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತಿದೆ ಎಂದು. ಆಗಿನ್ನೂ ಇವತ್ತಿನ ಪದರಗಳು ಹುಟ್ಟಿರಲಿಲ್ಲ. ಇಂದು ಹೊಸ ಅರ್ಜಿ ನಮೂನೆಗೆ ಕೈಹಾಕಿದವರು ಮೊದಲ ದಿನವೇ ಹೊರಗಿನವರು ಬರೆದಿಟ್ಟ ಸಿದ್ಧ ಕೋಡಿನ ನೂರಾರು ಪ್ಯಾಕೇಜುಗಳನ್ನು ಇಳಿಸಿಕೊಳ್ಳುತ್ತಾರೆ. ಅವುಗಳಲ್ಲಿ ಬೇಕಾದದ್ದು ಐದಾರು. ಉಳಿದವು ಆ ಐದಾರರ ನೆಂಟರು, ನೆಂಟರ ನೆಂಟರು. 2016ರ ಮಾರ್ಚಿನಲ್ಲಿ ಲೆಫ್ಟ್‌-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದಾತ ಹಿಂತೆಗೆದುಕೊಂಡಾಗ ಪ್ರಪಂಚದ ಉದ್ದಗಲಕ್ಕೆ ಸಾವಿರಾರು ಯೋಜನೆಗಳ ಕೆಲಸ ನಿಂತಿತು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. 2021ರ ಡಿಸೆಂಬರಿನಲ್ಲಿ ಲಾಗ್‌4ಜೆ ಎಂಬ ಅಂಥದೇ ಪ್ಯಾಕೇಜಿನ ಭದ್ರತಾ ತೂತು ಬಯಲಾದಾಗ ಎಷ್ಟೋ ಕಂಪನಿಗಳಿಗೆ ಅದು ತಮ್ಮ ಮನೆಯೊಳಗಿದೆಯೋ ಇಲ್ಲವೋ ಎಂದು ಹುಡುಕುವುದೇ ದೊಡ್ಡ ಕೆಲಸವಾಯಿತು. ಈ ನೆಂಟರ ಪಟ್ಟಿಯನ್ನು ಹೊಸ ಆವೃತ್ತಿಗೆ ತರುವುದು, ಒಂದನ್ನು ಏರಿಸಿದಾಗ ಮುರಿದ ಇನ್ನೊಂದನ್ನು ಸರಿಮಾಡುವುದು, ಎಲ್ಲ ಕೋಡ್ ಕೂಡಿಸಿ ಕಟ್ಟಿ (ಬಿಲ್ಡ್) ಮುಗಿಯುವವರೆಗೆ ಕಾಯುವುದು, ಇವೇ ದಿನದ ದೊಡ್ಡ ಪಾಲು ತಿನ್ನುತ್ತವೆ. ಅರ್ಜಿದಾರರ ಕೆಲಸಕ್ಕೆ ಉಳಿಯುವುದು ಸಂಜೆ.

ಒಂದೇ ತಂತ್ರಾಂಶವನ್ನು ನೆಟ್‌ವರ್ಕಿನ ಮೂಲಕ ಮಾತಾಡುವ ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆಯುವ ಮೈಕ್ರೋಸರ್ವಿಸ್ ಎಂಬ ಹುಚ್ಚನ್ನೂ ಹೇಳಲೇಬೇಕು. ಸಾವಿರಾರು ಎಂಜಿನಿಯರುಗಳಿರುವ ಕಂಪನಿಗೆ ಕೆಲಸ ಹಂಚಲು ಅದು ಬೇಕಾದೀತು. ಐದು ಜನರ ತಂಡ ಒಂದು ಪ್ರಮಾಣಪತ್ರದ ಸೇವೆಯನ್ನು ಇಪ್ಪತ್ತು ಸರ್ವಿಸ್ ಮಾಡಿ ಒಡೆಯುವುದೆಂದರೆ ಒಂದು ಮನೆಗೆ ಇಪ್ಪತ್ತು ಒಲೆ ಹೂಡಿದಂತೆ. ಒಂದೇ ಪ್ರೋಗ್ರಾಮಿನೊಳಗಿನ ಕರೆಗೆ ಕೆಲವು ನ್ಯಾನೊಸೆಕೆಂಡ್ ಸಾಕು. ಅದೇ ಕರೆ ನೆಟ್‌ವರ್ಕ್ ದಾಟಿ ಹೋದರೆ ಅರ್ಧ ಮಿಲಿಸೆಕೆಂಡ್, ಅಂದರೆ ಲಕ್ಷಪಟ್ಟು ಹೆಚ್ಚು. ಒಂದೊಂದು ಸರ್ವಿಸೂ ನೂರಕ್ಕೆ 99.9ರಷ್ಟು ಹೊತ್ತು ಸರಿಯಿದ್ದರೂ, ಒಂದು ಅರ್ಜಿ ಇಪ್ಪತ್ತನ್ನೂ ದಾಟಬೇಕೆಂದರೆ ಒಟ್ಟು ಸಿಗುವುದು ಸುಮಾರು 98. ತಿಂಗಳಿಗೆ 14 ಗಂಟೆ ಬಂದ್. ಯಾರ ಸರ್ವಿಸಿನ ವರದಿ ತೆಗೆದರೂ ಎಲ್ಲ ಹಸಿರೇ ಇರುತ್ತದೆ.

ಹಣದ ಲೆಕ್ಕವೂ ಇದಕ್ಕೆ ನೀರೆರೆಯುತ್ತದೆ. ಬಿಲ್ಲು ಹಾಕುವುದು ತಲೆ ಮತ್ತು ತಿಂಗಳ ಲೆಕ್ಕದಲ್ಲಿ. ನಾಲ್ಕು ದಿನದ ಕೆಲಸವನ್ನು ಎರಡು ದಿನದಲ್ಲಿ ಮುಗಿಸುವ ಜಾಣನಿಂದ ಕಂಪನಿಗೆ ನಷ್ಟ. ಹತ್ತು ಸಾವಿರ ಸಾಲು ಅಳಿಸಿ ಪುಟ ಹಗುರ ಮಾಡಿದವನ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ, ಹತ್ತು ಸಾವಿರ ಸಾಲು ಸೇರಿಸಿದವನದು ಬರುತ್ತದೆ. ತಡವಾದರೆ ಇನ್ನಷ್ಟು ಜನರನ್ನು ಹಾಕುತ್ತಾರೆ. ತಡವಾದ ಯೋಜನೆಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ ಹೇಳಿದ್ದು 1975ರಲ್ಲಿ. ಹೊಸಬರಿಗೆ ಕಲಿಸುವವರು ಹಳಬರೇ, ಕಲಿಸುವಷ್ಟು ದಿನ ಹಳಬರ ಕೆಲಸವೂ ನಿಲ್ಲುತ್ತದೆ. ಹಸ್ತಾಂತರ ಮುಗಿದ ದಿನ ಆ ತಂಡ ಚದುರುತ್ತದೆ. ವಾರ್ಷಿಕ ನಿರ್ವಹಣೆಗೆ ಬಂದ ಹೊಸ ತಂಡಕ್ಕೆ ಹಳೆಯ ಕೋಡ್ ಮುಟ್ಟಲು ಭಯ, ಆದ್ದರಿಂದ ಮೇಲೊಂದು ಪದರ ಹಚ್ಚುತ್ತದೆ.

ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ಮುಂದೆ ಎಲ್ಲ ಬೇಗ ಎನ್ನುವವರಿಗೆ ಒಂದು ಮಾಹಿತಿ. 2025ರ ಜುಲೈನಲ್ಲಿ ಎಂಇಟಿಆರ್ ಎಂಬ ಸಂಸ್ಥೆ ಪ್ರಕಟಿಸಿದ ಅಧ್ಯಯನದಲ್ಲಿ 16 ಅನುಭವಿ ಡೆವಲಪರುಗಳಿಗೆ ಅವರಿಗೆ ಚೆನ್ನಾಗಿ ಗೊತ್ತಿದ್ದ ಕೋಡಿನಲ್ಲೇ 246 ಕೆಲಸ ಕೊಟ್ಟಿದ್ದರು. ಎಐ ಬಳಸಿದಾಗ ಹಿಡಿದ ಸಮಯ ಶೇ. 19 ಹೆಚ್ಚು. ಅವರಿಗೆ ಮಾತ್ರ ಶೇ. 20ರಷ್ಟು ಬೇಗ ಮುಗಿಸಿದ್ದೇವೆ ಅನ್ನಿಸಿತ್ತು. ಹದಿನಾರು ಜನರನ್ನು ನೋಡಿ ಲೋಕದ ತೀರ್ಮಾನ ಮಾಡಬಾರದು, ಉಪಕರಣಗಳೂ ಬದಲಾಗುತ್ತಿವೆ. ನಮ್ಮಲ್ಲೂ ಅವನ್ನು ಬಳಸುವವರಿದ್ದೇವೆ. ಆದರೆ ‘ಅನ್ನಿಸುವುದು’ ಮತ್ತು ‘ಅಳೆದದ್ದು’ ಎಷ್ಟು ದೂರ ಇರಬಹುದು ಎಂಬುದಕ್ಕೆ ಇದು ಸಾಕು. ಬೇಗ ಹುಟ್ಟಿದ ಕೋಡನ್ನೂ ಯಾರಾದರೂ ಓದಬೇಕು, ಅದೂ ಜೋಯಿಡಾದ ಫೋನಿಗೇ ಇಳಿಯಬೇಕು.

ಅಳೆಯುವವರಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2021ರಲ್ಲಿ ಒಂದು ಹೆಸರಾಂತ ವಿಡಿಯೋ ಗೇಮ್ ತೆರೆಯಲು ಆರು ನಿಮಿಷ ಹಿಡಿಯುತ್ತಿತ್ತು. ವರ್ಷಗಟ್ಟಲೆ ಎಲ್ಲರೂ ಸಹಿಸಿಕೊಂಡಿದ್ದರು. ಹೊರಗಿನವನೊಬ್ಬ ಕೂತು ಅಳೆದಾಗ ಸಿಕ್ಕಿದ್ದೇನು? 10 ಮೆಗಾಬೈಟಿನ ಒಂದು ಪಟ್ಟಿಯನ್ನು ಓದುವಾಗ ಪ್ರತಿ ಪದಕ್ಕೂ ಉಳಿದ ಪಠ್ಯದ ಉದ್ದವನ್ನು ಕೊನೆಯವರೆಗೆ ಎಣಿಸುತ್ತಿತ್ತು. ಜೊತೆಗೆ 63,000 ವಸ್ತುಗಳಲ್ಲಿ ಪ್ರತಿ ಹೊಸದನ್ನೂ ಹಿಂದಿನ ಎಲ್ಲದರೊಡನೆ ಹೋಲಿಸುತ್ತಿತ್ತು. ಎರಡನ್ನೂ ತಿದ್ದಿದ ಮೇಲೆ ಕಾಯುವ ಸಮಯ ಶೇ. 70ರಷ್ಟು ಇಳಿಯಿತು. ಕಂಪನಿ ಒಪ್ಪಿಕೊಂಡು ಅವನಿಗೆ 10,000 ಡಾಲರ್ ಕೊಟ್ಟಿತು. ಅದಕ್ಕಿಂತ ದೊಡ್ಡದು 2024ರ ಮಾರ್ಚಿನದು. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದಕ್ಕೆ ಎಕ್ಸ್‌ಝಡ್ ಎಂಬ ಲಿನಕ್ಸ್ ಸಲಕರಣೆಯೊಳಗೆ ಬಚ್ಚಿಟ್ಟ ಕಳ್ಳಬಾಗಿಲು ಬೆಳಕಿಗೆ ಬಂತು. ಹತ್ತು ಸೆಕೆಂಡ್ ಕಾಯುವುದೇ ರೂಢಿಯಾದ ಮನೆಯಲ್ಲಿ ಆ ಅರ್ಧ ಸೆಕೆಂಡ್ ಯಾರ ಗಮನಕ್ಕೆ ಬರುತ್ತಿತ್ತು?

ಸರ್ಕಾರದ ತಾಣಕ್ಕೆ ಇದು ಆಗದ ಮಾತೇನಲ್ಲ. 2022ರಲ್ಲಿ ಬ್ರಿಟನ್ ಸರ್ಕಾರದ ಮುಖ್ಯ ಜಾಲತಾಣದಿಂದ ಜೆಕ್ವೆರಿ ಎಂಬ ಹಳೆಯ ಲೈಬ್ರರಿಯನ್ನು ಕಿತ್ತುಹಾಕಿದರು. ಉಳಿತಾಯವಾದದ್ದು ಪುಟಕ್ಕೆ ಸುಮಾರು 30 ಕಿಲೋಬೈಟ್ ಅಷ್ಟೇ. ಅಷ್ಟಕ್ಕೇ ಕೂತು ಕೆಲಸ ಮಾಡಿದರು, ಏಕೆಂದರೆ ಕೆಟ್ಟ ಸಂಪರ್ಕದಲ್ಲಿರುವವರಿಗೆ ಅದರಿಂದ ಹೆಚ್ಚು ಉಪಕಾರ ಎಂದು ಅವರಿಗೆ ಗೊತ್ತಿತ್ತು.

5ಜಿ ಬಂದರೆ ತಾನಾಗಿ ಸರಿಹೋಗುತ್ತದೆ ಎಂಬ ಉತ್ತರವನ್ನು ದಯವಿಟ್ಟು ಕೊಡಬೇಡಿ. ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ಹೋದರೆ ಟವರಿನ ಬ್ಯಾಟರಿ ಕೆಲವೇ ಗಂಟೆ, ಡೀಸೆಲ್ ತರಲು ರಸ್ತೆ ಬೇಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಮುರಿದುಬಿತ್ತು. ಇಂಥ ದಿನಗಳಲ್ಲಿ ತಾಲ್ಲೂಕು ಕಚೇರಿಗೆ ಹೋಗಲು ದಾರಿಯಿಲ್ಲದವರಿಗೆ ಫೋನೇ ಕಚೇರಿ, ಅದೂ ಕಂಬಿಯೆರಡರ ಸಿಗ್ನಲ್ಲಿನಲ್ಲಿ. ಪರಿಹಾರದ ಅರ್ಜಿ ತೆರೆಯಬೇಕಾದದ್ದು ಆಗ.

ಆದ್ದರಿಂದ ನಮ್ಮ ಕೋರಿಕೆಗಳು ಇವು. ಶಿರಸಿಯಲ್ಲಿ ಟೆಂಡರ್ ಎಂದರೆ ಮೊದಲು ನೆನಪಾಗುವುದು ಅಡಿಕೆ. ಚಾಲಿಯೋ ರಾಶಿಯೋ ಬೆಟ್ಟೆಯೋ ಎಂದು ನೋಡದೆ, ತೂಗದೆ ಒಂದು ಚೀಲವೂ ಕೈ ದಾಟುವುದಿಲ್ಲ. ನಿಮ್ಮ ಟೆಂಡರಿನಲ್ಲೂ ತೂಕದ ಕಲಮು ಇರಲಿ: ಮೊದಲ ಪುಟ ಮಡಚಿದ ಮೇಲೆ 100 ಕಿಲೋಬೈಟ್ ಮೀರಬಾರದು, ಅರ್ಜಿಯ ಎಲ್ಲ ಹಂತ ಸೇರಿ 300 ಮೀರಬಾರದು. ಕರ್ನಾಟಕದ ನೋಟಿಸು, ಪಹಣಿ, ಪ್ರಮಾಣಪತ್ರದ ನಮೂನೆಗಳೆಲ್ಲ ಅಕ್ಷರ ಮತ್ತು ಗೆರೆ. ಇದು ಧಾರಾಳವಾಗಿ ಸಾಕು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಕಲಸಿದವರು ಕೊನೆಗೆ ಹೊಡೆಯುವ ಮೊದಲು ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ, ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಅಂಥದೇ ಒಂದು ಅಲಗು ತಂತ್ರಾಂಶಕ್ಕೂ ಇದೆ. ಕ್ರೋಮ್ ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ವೇಗವನ್ನು 400 ಕಿಲೋಬಿಟ್‌ಗೆ, ಹೋಗಿಬರುವ ಸಮಯವನ್ನು 400 ಮಿಲಿಸೆಕೆಂಡಿಗೆ, ಪ್ರೊಸೆಸರನ್ನು ಆರು ಪಟ್ಟು ನಿಧಾನಕ್ಕೆ ಇಡಲು ಬರುತ್ತದೆ. ಹಾಗೆ ಇಟ್ಟು ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ತುಂಬಿ ನೋಡಿದ ಹೊರತು ಕೊನೆಯ ಕಂತು ಬಿಡುಗಡೆ ಮಾಡಬೇಡಿ. ಪರೀಕ್ಷೆಯ ಕೋಷ್ಟಕದಲ್ಲಿ ಇನ್ನೂರಲ್ಲ, ಹತ್ತು ಲಕ್ಷ ಸಾಲು ಇರಲಿ.

ವರದಿಯಲ್ಲಿ ಸರಾಸರಿ ಕೊಟ್ಟರೆ ಒಪ್ಪಬೇಡಿ. 90 ಜನರಿಗೆ 1 ಸೆಕೆಂಡ್, 10 ಜನರಿಗೆ 41 ಸೆಕೆಂಡ್ ಹಿಡಿದರೆ ಸರಾಸರಿ 5 ಎಂದು ಬರುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಆ ಹತ್ತು ಜನ ಯಾರು, ಎಲ್ಲಿಯವರು ಎಂದು ಬೇರೆ ಹೇಳಬೇಕಿಲ್ಲ. ನೂರರಲ್ಲಿ 95ನೆಯವರಿಗೆ ಎಷ್ಟು ಹಿಡಿಯಿತು ಎಂಬ ಅಂಕಿ ಕೇಳಿ, ತಾಲ್ಲೂಕುವಾರು ಕೇಳಿ.

ಸಕಾಲ ಕಾಯ್ದೆಯ ಬಗ್ಗೆ ಒಂದು ಮಾತು. 2011ರ ಆ ಕಾಯ್ದೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೊಡಿಸುತ್ತದೆ. ಆದರೆ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕಾರವಾಗಿ 15 ಅಂಕಿಯ ಸಂಖ್ಯೆ ಕೈಗೆ ಬಂದ ಮೇಲೆ. ಆ ಸಂಖ್ಯೆ ಸಿಗುವ ಮುಂಚೆ ಮೂರು ದಿನ ಗುಡ್ಡ ಹತ್ತಿ ಇಳಿದದ್ದು ಯಾವ ಲೆಕ್ಕಕ್ಕೂ ಇಲ್ಲ. ಪುಟ ತೆರೆದ ಕ್ಷಣದಿಂದ ಸಂಖ್ಯೆ ಸಿಗುವವರೆಗಿನ ಸಮಯ, ನಡುವೆ ಕೈಬಿಟ್ಟವರ ಸಂಖ್ಯೆ, ಇವೆರಡನ್ನೂ ತಿಂಗಳಿಗೊಮ್ಮೆ ಪ್ರಕಟಿಸಿ. ಇವು ನಿಮ್ಮ ಸರ್ವರಿನ ದಾಖಲೆಯಲ್ಲಿ ಈಗಾಗಲೇ ಬಿದ್ದಿರುತ್ತವೆ.

ಕಂಪನಿಗಳ ಮುಖ್ಯಸ್ಥರಲ್ಲಿ: ನಿರ್ವಹಣೆಯ ಅವಧಿಯಲ್ಲಿ ವಾರಕ್ಕೊಂದು ದಿನವನ್ನು ತೆಗೆಯುವ ಕೆಲಸಕ್ಕೆಂದೇ ಮೀಸಲಿಡಿ. ಬೇಡದ ಪ್ಯಾಕೇಜು, ಯಾರೂ ಒತ್ತದ ಗುಂಡಿ, ಸತ್ತ ಕೋಡ್. ನಿಮ್ಮ ಡೆವಲಪರುಗಳಿಗೆ ತಲಾ ಒಂದು ಎಂಟು ಸಾವಿರದ ಫೋನು ಕೊಡಿಸಿ, ತಾವು ಬರೆದದ್ದನ್ನು ಅದರಲ್ಲೇ ಮೊದಲು ನೋಡಲಿ. ಅಕಾಲದಲ್ಲಿ ವೇಗದ ಬೆನ್ನುಹತ್ತಬಾರದು ಎಂಬ, ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತರ 1974ರ ಮಾತನ್ನು ನೆಪ ಮಾಡಿಕೊಳ್ಳುವವರು ಅದರ ಮುಂದಿನ ಮಾತನ್ನೂ ಓದಲಿ: ನಿಜಕ್ಕೂ ನಿರ್ಣಾಯಕವಾದ ಶೇ. 3ರಷ್ಟು ಕಡೆ ವೇಗ ಹೆಚ್ಚಿಸುವ ಅವಕಾಶ ಕೈಬಿಡಬಾರದು ಎಂದೂ ಅವರೇ ಹೇಳಿದ್ದಾರೆ.

ಹೊಸ ಟೆಂಡರಿಗೆ ಕಾಯದೆ ನಾಳೆಯೇ ಆಗುವ ಕೆಲಸಗಳೂ ಇವೆ. ಸರ್ವರಿನಲ್ಲಿ ಬ್ರೋಟ್ಲಿ ಅಥವಾ ಜಿಜಿಪ್ ಸಂಕೋಚನ ಚಾಲೂ ಮಾಡುವುದು ಒಂದೆರಡು ಸಾಲಿನ ಬದಲಾವಣೆ. ಫಾಂಟು, ಲಾಂಛನ, ಸ್ಕ್ರಿಪ್ಟುಗಳನ್ನು ವರ್ಷದವರೆಗೆ ಫೋನಿನಲ್ಲೇ ಇಟ್ಟುಕೊಳ್ಳಲು ಅನುಮತಿ ಕೊಡುವುದು ಇನ್ನೊಂದು ಸಾಲು. ನಿಧಾನದ ಪ್ರಶ್ನೆಗಳ ಪಟ್ಟಿ ತೆಗೆದು ಮೊದಲ ಹತ್ತಕ್ಕೆ ಸೂಚಿ ಹಾಕುವುದು ಒಂದು ವಾರದ ಕೆಲಸ. ಮುಖಪುಟದ ಓಡುವ ಬ್ಯಾನರನ್ನು ತೆಗೆಯಲು ಮಾತ್ರ ಯಾರದೋ ಅನುಮತಿ ಬೇಕಾಗುತ್ತದೆ ಎಂದು ಗೊತ್ತು. ಅದನ್ನು ನೀವೇ ಕೊಡಿಸಬೇಕು.

ಮುಂದಿನ ಮಳೆಗಾಲದ ಬೆಳೆವಿಮೆ ನೋಂದಣಿ ಶುರುವಾಗುವ ಮೊದಲು ನಿಮ್ಮಲ್ಲೊಬ್ಬರು ಎರಡು ದಿನ ಈ ಕಡೆ ಬನ್ನಿ. ಬೈತಖೋಲದ ಬಂದರಿನಲ್ಲಿ, ದೇವಿಮನೆ ಘಟ್ಟದ ತಿರುವಿನಲ್ಲಿ, ಜೋಯಿಡಾದ ಯಾವುದಾದರೂ ಪಂಚಾಯ್ತಿ ಕಟ್ಟೆಯ ಮೇಲೆ ಕೂತು ನಿಮ್ಮದೇ ಅರ್ಜಿಯನ್ನು ತುಂಬಿ ನೋಡೋಣ. ಫೋನುಗಳನ್ನು ನಾವು ತರುತ್ತೇವೆ, ಹಿಡಿದ ಸಮಯ ಬರೆದುಕೊಳ್ಳಲು ಒಂದು ಪಟ್ಟಿಪುಸ್ತಕವನ್ನೂ.

ಇಂತಿ ತಮ್ಮ ವಿಶ್ವಾಸಿಗಳು,
ಸೇವಾ ಕೇಂದ್ರಗಳ ನಿರ್ವಾಹಕರು ಮತ್ತು ತಂತ್ರಾಂಶ ಕೆಲಸಗಾರರು,
ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಜೋಯಿಡಾ.